ಹಳಿಯ ಆಚೆಗಿನ ಜಾಗ

ನಮ್ಮ ದೊಡ್ಡವ್ವ ಪುಟ್ಟಮಲ್ಲಮ್ಮ ಹುಟ್ಟಿದ್ದು ತೆರಕಣಾಂಬಿಯಲ್ಲಿ. ಮದುವೆಯಾಗುವವರೆಗೂ ರೈಲನ್ನು ಕಣ್ಣಲ್ಲಿ ಕಂಡವಳಲ್ಲ. ಗುಂಡ್ಲುಪೇಟೆ ತಾಲ್ಲೂಕಿಗೆ ಇವತ್ತಿಗೂ ರೈಲಿಲ್ಲ, ಆಗೆಲ್ಲಿಂದ ಬರಬೇಕು? ಚಾಮರಾಜನಗರದ ಪಕ್ಕದ ಈ ಕಂಬದಪುರಕ್ಕೆ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ ಮೈಸೂರಿಗೆ ಹೋಗುವ ಗಾಡಿ ಕೂಗಿತಂತೆ, ಇವಳು ಕೈಯಲ್ಲಿದ್ದ ಹಾಲಿನ ತಂಬಿಗೆ ಬಿಟ್ಟು ಒಳಗೆ ಓಡಿದಳಂತೆ. ಅತ್ತೆ ಚೆನ್ನಾಗಿ ಬೈದರು. ದೊಡ್ಡಪ್ಪ ಶಿವರುದ್ರಸ್ವಾಮಿ ಬೈಯಲಿಲ್ಲ. ಸಂಜೆ ಅವಳನ್ನು ರೈಲ್ವೆ ಗೇಟಿನ ಹತ್ತಿರ ಕರೆದುಕೊಂಡು ಹೋಗಿ, ಗಾಡಿ ಬಂದು ದಾಟಿಹೋಗುವವರೆಗೂ ಪಕ್ಕದಲ್ಲೇ ನಿಂತಿದ್ದರು. "ನಾಚ್ಕೆ ಆಗೋಯ್ತು ಕಣಮ್ಮಿ, ಊರೆಲ್ಲ ನೋಡ್ತಿತ್ತು" ಎಂದು ಎಷ್ಟು ಸಲ ಹೇಳಿದಳೋ. ಹೇಳುವಾಗಲೆಲ್ಲ ಮುಖ ಅರಳುತ್ತಿತ್ತು.

ನಾನು ನಾಗಲಕ್ಷ್ಮಿ, ಅವಳ ತಂಗಿಯ ಮಗಳು. ಅವಳೇ ಗಂಡು ನೋಡಿ ನನ್ನನ್ನೂ ಈ ಊರಿಗೆ ತಂದುಕೊಂಡಳು. ಹರದನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಮೇಡಂಗೆ ಬಾಯಿ ಜೋರು ಎಂದು ಊರಲ್ಲಿ ಹೆಸರಿದೆ. ಇರಲಿ ಬಿಡಿ. ಈ ವಿಷಯದಲ್ಲಿ ಬಾಯಿ ಜೋರಾಗದೆ ಇನ್ನೇನಾಗಬೇಕು?

ಊರು ಹಳಿಯ ಈ ಕಡೆ, ನಮ್ಮವರ ರುದ್ರಭೂಮಿ ಆ ಕಡೆ, ನಡುವೆ ಗೇಟು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಕೂರಿಸುತ್ತೇವೆ. ಬಿದಿರಿನಲ್ಲಿ ಗೋಪುರದ ಹಾಗೆ ಎತ್ತರಕ್ಕೆ ಕಟ್ಟಿ, ಬಾಳೆಕಂದು, ಸೇವಂತಿಗೆ ಹೂವಿನಿಂದ ಸಿಂಗರಿಸಿದ ವಿಮಾನದೊಳಗೆ ಕೂರಿಸಿಕೊಂಡು ಹೊತ್ತು ಹೋಗುತ್ತೇವೆ. ಮಣ್ಣಿನಲ್ಲೂ ಕೂರಿಸಿಯೇ ಇಡುವುದು. ಮೇಲೆ ಏರಿಸುವ ಮಣ್ಣಿನ ಕಟ್ಟೆಗೆ ಗದ್ದುಗೆ ಎನ್ನುತ್ತೇವೆ. ಗಂಡನ ಗದ್ದುಗೆಯ ಪಕ್ಕದಲ್ಲಿ ಹೆಂಡತಿಗೊಂದು ಜಾಗ ಬಿಟ್ಟಿರುತ್ತಾರೆ.

ದೊಡ್ಡಪ್ಪ ತೀರಿಹೋದಾಗ ಗೇಟು ಇನ್ನೂ ಇತ್ತು. ಗೇಟು ಕಾಯುತ್ತಿದ್ದವನು ಮಾದಣ್ಣ, ಪಕ್ಕದೂರಿನವನು, ದೊಡ್ಡವ್ವ ಮಾಡಿದ ಉಪ್ಪುಸಾರು ಮುದ್ದೆ ಅದೆಷ್ಟು ಮಧ್ಯಾಹ್ನ ಉಂಡಿದ್ದನೋ. ವಿಮಾನ ಬರುವುದು ಕಂಡವನೇ ಸ್ಟೇಷನ್ನಿಗೆ ಫೋನು ಮಾಡಿ, ಗಾಡಿ ದೂರ ಇದೆ ಎಂದು ಖಾತ್ರಿ ಮಾಡಿಕೊಂಡು ಗೇಟು ಎತ್ತಿದ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೊತ್ತವರೆಲ್ಲ ದಾಟುವವರೆಗೂ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ದೊಡ್ಡವ್ವ ಪ್ರತಿ ಸೋಮವಾರ ಒಂದು ಪುಟ್ಟ ಬಿದಿರು ಬುಟ್ಟಿಯಲ್ಲಿ ಬಿಲ್ವಪತ್ರೆ, ಒಂದು ತಂಬಿಗೆ ನೀರು ತೆಗೆದುಕೊಂಡು ಗೇಟು ದಾಟಿ ಹೋಗುತ್ತಿದ್ದಳು. ಗದ್ದುಗೆಗೆ ನೀರು ಹಾಕಿ, ಪತ್ರೆ ಇಟ್ಟು, ಪಕ್ಕದ ಖಾಲಿ ಜಾಗದಲ್ಲಿ ಬೆಳೆದ ಹುಲ್ಲನ್ನೂ ಕಿತ್ತು ಬರುತ್ತಿದ್ದಳು. ನಮ್ಮ ಮನೆ ಮುಂದೆ ಗುಡಿಸುವುದಿಲ್ಲವೇ, ಹಾಗೆ. ಮುದುಕಿಗೆ ಬೇರೆ ಆಸೆಯೇ ಇರಲಿಲ್ಲ. ಮಗ ರಾಜಶೇಖರ ಅರಿಶಿನ ಬೆಳೆದು ಚೆನ್ನಾಗಿದ್ದ, ಸೊಸೆ ಒಳ್ಳೆಯವಳು, ಮನೆ ತುಂಬಿತ್ತು. ಕೊನೆಗೆ ಆ ಜಾಗದಲ್ಲಿ ಹೋಗಿ ಕೂತರೆ ಸಾಕು ಅನ್ನುವುದೊಂದೇ.

ಆಮೇಲೆ ಗೇಟು ಮುಚ್ಚುವ ಮಾತು ಬಂತು. ಗೇಟು ಬೇಡ, ಹಳಿಯ ಕೆಳಗೇ ದಾರಿ ಮಾಡಿಕೊಡುತ್ತೇವೆ, ಕಾಯುವ ಕಷ್ಟ ತಪ್ಪುತ್ತದೆ ಎಂದರು. ರೈಲು ಕೇಂದ್ರದ್ದು, ಗೇಟಿಗೆ ಬಂದು ಸೇರುವ ರಸ್ತೆ ರಾಜ್ಯದ್ದು. ಆದ್ದರಿಂದ ಎರಡು ಜೀಪು ಬಂದವು. ಒಂದರಲ್ಲಿ ರೈಲಿನ ಇಂಜಿನಿಯರು, ಇನ್ನೊಂದರಲ್ಲಿ ತಾಲ್ಲೂಕಿನ ಅಧಿಕಾರಿ. ಬಸವೇಶ್ವರನ ಗುಡಿಯ ಜಗಲಿಯಲ್ಲಿ ಸಭೆ. ದಿನ ಶ್ರಾವಣ ಸೋಮವಾರ. ನಾನು ಶಾಲೆಯಲ್ಲಿದ್ದೆ, ಸಂಜೆ ದೊಡ್ಡವ್ವ ಹೇಳಿದ್ದು.

ಇಂಜಿನಿಯರು ಸರಿಯಾದ ಪ್ರಶ್ನೆಯನ್ನೇ ಕೇಳಿದರಂತೆ. ಈ ದಾರಿಯಲ್ಲಿ ಹೋಗುವುದರಲ್ಲಿ ಅತಿ ಎತ್ತರದ್ದು ಯಾವುದು, ಅದಕ್ಕೆ ತಕ್ಕ ಹಾಗೆ ಕಟ್ಟುತ್ತೇವೆ ಎಂದರಂತೆ. ಒಬ್ಬ ಟ್ರ್ಯಾಕ್ಟರು ಅಂದ. ಇನ್ನೊಬ್ಬ ಹುಲ್ಲಿನ ಗಾಡಿ ಅಂದ. ಹುಲ್ಲನ್ನು ಕಡಿಮೆ ಹೇರಿದರಾಯಿತು ಬಿಡಿ ಎಂದು ಮತ್ತೊಬ್ಬ. ಜಗಲಿಯ ಮೇಲೆ ಕೂತ ಪ್ರತಿಯೊಬ್ಬನ ತಲೆಯಲ್ಲೂ ವಿಮಾನ ಇತ್ತು. ಅದಕ್ಕಿಂತ ಎತ್ತರದ್ದು ಆ ದಾರಿಯಲ್ಲಿ ಇನ್ನೇನು ಹೋಗುತ್ತದೆ? ಆದರೆ ಶ್ರಾವಣ ಸೋಮವಾರ, ದೇವರ ಎದುರಿಗೆ, ಸಾವಿನ ಸುದ್ದಿ ಎತ್ತುವವರು ಯಾರು? ದೊಡ್ಡವ್ವ ಹೆಂಗಸರ ನಡುವಿನಿಂದ "ಇನ್ನೊಂದದೆ ಸ್ವಾಮಿ" ಎಂದಳಂತೆ. ಊರಿನ ಯಜಮಾನರು ಮರಿಮಲ್ಲಪ್ಪ ಅಲ್ಲಿಂದಲೇ ಕೈ ಎತ್ತಿದರು.

"ಸುಮ್ಕಿರವ್ವ ಪುಟ್ಟಮಲ್ಲಮ್ಮ. ಸೋಮವಾರ, ಬಸಪ್ಪನ ಮುಂದೆ ಕುಂತಿದೀವಿ."

ಅವಳು ಸುಮ್ಮನಾದಳು. ಇಂಜಿನಿಯರು ಟ್ರ್ಯಾಕ್ಟರ್ ಎಂದು ಬರೆದುಕೊಂಡು ಹೋದರು. ಬೇರೆ ಊರಿನವರಾಗಿದ್ದರೆ ಹೇಳಿಬಿಡುತ್ತಿದ್ದರೋ ಏನೋ. ನಮ್ಮವರು ಮಡಿಯಾಗಿ, ಭಕ್ತಿಯಿಂದ, ಬಾಯಿ ಮುಚ್ಚಿಕೊಂಡು ಕೂತರು. ನನಗೆ ಈಗ ನೆನೆದರೂ ಮೈ ಉರಿಯುತ್ತದೆ.

ಅಂಡರ್‌ಪಾಸ್ ಆಯಿತು. ಅದರ ಬಾಯಿಯಲ್ಲಿ, ಎತ್ತರದ ಗಾಡಿ ನುಗ್ಗದಿರಲಿ ಎಂದು ಒಂದು ಕಬ್ಬಿಣದ ಕಮಾನು ನಿಲ್ಲಿಸಿದರು. ಹಳೆಯ ಗೇಟು ಕಿತ್ತು, ಆ ಜಾಗದಲ್ಲಿ ಕಂದಕ ತೋಡಿ, ಹಳಿಯ ತುಂಡುಗಳನ್ನು ನೆಟ್ಟು ಬೇಲಿ ಮಾಡಿದರು. ಮಾದಣ್ಣನನ್ನು ಬೇರೆ ಕಡೆಗೆ ಹಾಕಿದರು, ಅಲ್ಲೇ ರಿಟೈರಾದ.

ಅದಾದ ಮೇಲೆ ಊರಲ್ಲಿ ಮೊದಲು ತೀರಿಹೋದವರು ಯಾರು ಗೊತ್ತೇ? ಮರಿಮಲ್ಲಪ್ಪನವರ ಹೆಂಡತಿಯೇ. ಕಟ್ಟಿದವರು ರೂಢಿಯಂತೆ ಎತ್ತರಕ್ಕೇ ವಿಮಾನ ಕಟ್ಟಿದ್ದರು. ಕಮಾನಿನ ಹತ್ತಿರ ಬಂದಾಗ ಗೋಪುರ ಕಬ್ಬಿಣಕ್ಕೆ ತಗುಲಿ ನಿಂತಿತು. ಸಿಂಗರಿಸಿ ಹೊರಟ ವಿಮಾನವನ್ನು ದಾರಿಯಲ್ಲಿ ಮುರಿಯುವಂತಿಲ್ಲ. ಸುತ್ತಿಕೊಂಡು ಹೋಗೋಣವೆಂದರೆ ಇನ್ನೊಂದು ದಾರಿ ಪಕ್ಕದೂರಿನ ಮಾರಮ್ಮನ ಗುಡಿಯ ಮುಂದೆಯೇ ಹಾಯುತ್ತದೆ, ಬೇರೆ ಊರಿನ ಹೆಣವನ್ನು ಅವರು ಎಲ್ಲೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಬಿಸಿರಕ್ತದ ಹುಡುಗರು ಬೇಲಿ ಕಿತ್ತು ಹಳಿಯ ಮೇಲೆಯೇ ಹೊತ್ತು ನಡೆದರು. ಮೇಲೆ ಕರೆಂಟಿನ ತಂತಿ. ಅತ್ತ ಗಾಡಿ ಬಂದು, ಕೂಗಿ ಕೂಗಿ ನಿಂತಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಕೇಸು ಬಿತ್ತು. ಹೊತ್ತಿದ್ದವರೆಲ್ಲ ಇವತ್ತಿಗೂ ತಾರೀಖು ತಾರೀಖಿಗೆ ಮೈಸೂರಿನ ಕೋರ್ಟಿಗೆ ಅಲೆಯುತ್ತಿದ್ದಾರೆ. ಒಬ್ಬನಿಗೆ ಪೊಲೀಸ್ ಕೆಲಸಕ್ಕೆ ಹೆಸರು ಬಂದಿತ್ತು, ಅದು ಕೈತಪ್ಪಿತು. ಅವನ ತಾಯಿ ಕುಮಾರಿ ದೊಡ್ಡವ್ವನ ಮನೆಯ ಹಟ್ಟಿಯಲ್ಲಿ ಕೂತು ಅತ್ತಿದ್ದನ್ನು ನಾನೇ ನೋಡಿದ್ದೇನೆ.

ಕುಮಾರಿ ಎದ್ದುಹೋದ ಮೇಲೆ ದೊಡ್ಡವ್ವ ಮಗನನ್ನು ಕರೆದಳು. "ನೋಡ್ಲಾ ರಾಜ, ನನ್ ವಿಮಾನ ಕುಳ್ಳಗೆ ಕಟ್ಟುಸು. ನಾನೇನು ಬಾಳ ಉದ್ದ ಇಲ್ಲ, ತಲೆ ಬಗ್ಸ್ಕಂಡು ಓಯ್ತೀನಿ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಅವನ ಕೈ ಹಿಡಿದಳು. "ಹಳಿ ಮ್ಯಾಲೆ ಮಾತ್ರ ನನ್ನ ಒತ್ಕಂಡು ಓಗ್ಬ್ಯಾಡ ಕಣ್ಲಾ. ನನ್ನಿಂದ ಯಾರ ಮಕ್ಳೂ ಕೋರ್ಟಿಗೆ ಅಲೀಬಾರ್ದು. ಮಾತು ಕೊಡು." ಅವನು ಸಾಯುವ ಮಾತೇಕೆ ಆಡುತ್ತೀ ಎಂದು ರೇಗಿದ. ಅವಳು ಕೈ ಬಿಡಲಿಲ್ಲ. ಕೊನೆಗೆ ಕೊಟ್ಟ.

ಎತ್ತರದ ಸಮಸ್ಯೆ ಹಾಗೆ ತೀರಿತು. ಉಳಿದದ್ದು ನೀರು. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ಎದೆಮಟ್ಟ ನಿಲ್ಲುತ್ತಿತ್ತು, ನಿಂತರೆ ವಾರಗಟ್ಟಲೆ ಇಳಿಯುತ್ತಿರಲಿಲ್ಲ. ನೀರೆತ್ತಲು ಒಂದು ಮೋಟಾರೇನೋ ಇಟ್ಟಿದ್ದರು. ಅದಕ್ಕೆ ಕರೆಂಟೇ ಇರಲಿಲ್ಲ. ದೊಡ್ಡವ್ವ ಎಲ್ಲಾ ಬಿಟ್ಟು ಆ ಮೋಟಾರಿನ ಹಿಂದೆ ಬಿದ್ದಳು. ಶನಿವಾರ ನನ್ನ ಶಾಲೆ ಮಧ್ಯಾಹ್ನ ಬಿಡುವ ಹೊತ್ತಿಗೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಒಗೆದ ಸೀರೆ ಉಟ್ಟು ಕಾದಿರುತ್ತಿದ್ದಳು. ನನ್ನ ಸ್ಕೂಟಿಯ ಹಿಂದೆ ಕೂತು ಕಛೇರಿಯಿಂದ ಕಛೇರಿಗೆ.

ಒಂದು ಕಡೆ ಹೇಳಿದರು, ಕಟ್ಟಿದವರು ರೈಲಿನವರು, ಹಳಿ ಕೇಂದ್ರದ್ದು, ನಾವು ಕೈ ಹಾಕುವಂತಿಲ್ಲ. ರೈಲಿನವರನ್ನು ಕೇಳಿದರೆ, ಕಟ್ಟಿ ಮುಗಿಸಿದ್ದೇವೆ, ಒಳಗಿನ ರಸ್ತೆ ರಾಜ್ಯದ್ದು, ನೀರು ತೆಗೆಯುವುದು ಅವರ ಕೆಲಸ. ಪಂಚಾಯ್ತಿಯಲ್ಲಿ ಹೇಳಿದರು, ನಮಗಿನ್ನೂ ವಹಿಸಿಕೊಟ್ಟಿಲ್ಲ, ಮೀಟರು ಯಾರ ಹೆಸರಿಗೆ ಹಾಕಿಸುವುದು? ಎಂಪಿಯವರ ಕಡೆಯವರು ಎಂಎಲ್‌ಎ ಹತ್ತಿರ ಹೋಗಿ ಎಂದರು, ಎಂಎಲ್‌ಎ ಕಡೆಯವರು ಎಂಪಿ ಹತ್ತಿರ ಹೋಗಿ ಎಂದರು. ಎಲ್ಲರೂ ಕೂರಿಸಿ ಮಾತಾಡಿಸಿದರು, ಒಬ್ಬರು ಕಾಫಿಯನ್ನೂ ಕೊಡಿಸಿದರು. ಯಾರ ಮೇಲೆ ಸಿಟ್ಟು ಮಾಡುವುದು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡ ಹೆಂಡಿರು ಜಗಳವನ್ನೂ ಆಡಲಿಲ್ಲ, ಇಬ್ಬರೂ ಮರ್ಯಾದೆಯಿಂದ ಮುಖ ತಿರುಗಿಸಿಕೊಂಡರು.

ಒಂದು ಭಾನುವಾರ ನಾನು ನಮ್ಮ ಹಟ್ಟಿಯಲ್ಲಿ ಮಾರನೆಯ ದಿನದ ಪಾಠ ಓದಿಕೊಳ್ಳುತ್ತಿದ್ದೆ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ಅಧಿಕಾರವನ್ನು ಹೀಗೆ ಹಂಚಿರುವುದರಿಂದ ಗೊಂದಲಕ್ಕೆ ಎಡೆಯಿಲ್ಲ ಎಂದು ವರ್ಷವರ್ಷವೂ ಮಕ್ಕಳಿಗೆ ಬರೆಸುತ್ತೇನೆ. ದೊಡ್ಡವ್ವ ಅವರೆಕಾಯಿ ಸುಲಿಯುತ್ತ, ಅದೇನು ಓದುತ್ತೀ, ನನಗೂ ಹೇಳು ಎಂದಳು. ಹೇಳಿದೆ. ರೈಲು ಯಾರದು ಎಂದಳು, ಕೇಂದ್ರದ್ದು ಎಂದೆ. ಊರ ರಸ್ತೆ? ರಾಜ್ಯದ್ದು. ಕರೆಂಟು? ಇಬ್ಬರದೂ. ಹೂಳುವ ಜಾಗವನ್ನೂ ಬರೆದಿದ್ದಾರಾ ಎಂದಳು. ಬರೆದಿದ್ದಾರೆ ದೊಡ್ಡವ್ವ, ಅದು ರಾಜ್ಯದ್ದು ಎಂದೆ.

ಸ್ವಲ್ಪ ಹೊತ್ತು ಕಾಯಿ ಸುಲಿದಳು. "ಅಂಗಾರೆ ಸತ್ ಮ್ಯಾಲೆ ನಾನು ರಾಜ್ಯದೋಳು. ಮನೇಲಿದ್ದಾಗ್ಲೂ ರಾಜ್ಯದೋಳು. ನಡುವೆ ಒಂದೀಟು ದೂರ ಮಾತ್ರ ಕೇಂದ್ರದೋಳು ಅಲ್ವೇನಮ್ಮಿ?"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಆ ಪಾಠವನ್ನು ಮಾರನೆಯ ದಿನ ಮಾಡಲು ನನಗೆ ಮನಸ್ಸೇ ಬರಲಿಲ್ಲ, ಮಕ್ಕಳಿಗೆ ನಕ್ಷೆ ಬಿಡಿಸಲು ಹೇಳಿ ಕೂತೆ.

ಅವಳು ತೀರಿಕೊಂಡದ್ದು ಚಿತ್ತೆ ಮಳೆಯಲ್ಲಿ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಬೆಳಿಗ್ಗೆ ಸೊಸೆ ಕಾಫಿ ಹಿಡಿದುಕೊಂಡು ಹೋಗಿ ಮುಟ್ಟಿದರೆ ಮೈ ತಣ್ಣಗಿತ್ತು. ಪುಣ್ಯವಂತೆಯ ಸಾವು ಎಂದರು ಎಲ್ಲರೂ. ಹಿಂದಿನ ದಿನಗಳಲ್ಲಿ ಹೆಚ್ಚು ಮಳೆ ಬಂದಿರಲಿಲ್ಲ, ಅಂಡರ್‌ಪಾಸಿನಲ್ಲಿ ಪಾದ ನೆನೆಯುವಷ್ಟೇ ನೀರು. ನಮ್ಮೂರಿನ ರಂಗರಾಜು ಮತ್ತು ಇನ್ನೊಬ್ಬ ಹಾರೆ ಗುದ್ದಲಿ ತೆಗೆದುಕೊಂಡು ಹೋಗಿ ದೊಡ್ಡಪ್ಪನ ಗದ್ದುಗೆಯ ಪಕ್ಕ ಗುಂಡಿ ತೋಡಿದರು. ಇಲ್ಲಿ ಅವಳು ಹೇಳಿದ ಹಾಗೆಯೇ ವಿಮಾನವನ್ನು ಕುಳ್ಳಗೆ ಕಟ್ಟಿದರು. ಮಠದ ಗುರುಪಾದಸ್ವಾಮಿಗಳು ಬಂದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ ಕೂರಿಸಿದೆವು. ಹಸಿರು ಸೀರೆಯಲ್ಲಿ ಪುಟ್ಟದಾಗಿ ಕೂತಿದ್ದಳು. ಎಲ್ಲಾ ಸರಿಯಾಗಿ ನಡೆಯುತ್ತಿದೆ ದೊಡ್ಡವ್ವ ಎಂದು ನಾನೇ ಅವಳ ಕಿವಿಯಲ್ಲಿ ಹೇಳಿದೆ.

ಮಧ್ಯಾಹ್ನ ಮಳೆ ಶುರುವಾಯಿತು. ಸಾಮಾನ್ಯ ಮಳೆಯಲ್ಲ, ಕಣ್ಣು ಬಿಡಲಾಗದ ಮಳೆ. ನಿಂತ ಮೇಲೆ ಹೊರಟೆವು. ಕಮಾನಿನ ಹತ್ತಿರ ಬಂದರೆ ಎರಡೂ ಕಡೆಯ ಇಳಿಜಾರಿನಿಂದ ಕೆಂಪು ನೀರು ನುಗ್ಗುತ್ತಿತ್ತು. ಒಬ್ಬ ಇಳಿದು ನೋಡಿದ, ಕುತ್ತಿಗೆವರೆಗೂ ಬಂತು. ವಿಮಾನವನ್ನು ಒದ್ದೆ ರಸ್ತೆಯಲ್ಲೇ ಇಳಿಸಿದರು. ಸರ್ಕಾರದ ಮೋಟಾರು ತನ್ನ ಗೂಡಿನಲ್ಲಿ ಒಣಗಿ ಕೂತಿತ್ತು. ರಾಜಶೇಖರ ಗದ್ದೆಯಿಂದ ತನ್ನ ಡೀಸೆಲ್ ಮೋಟಾರು ತರಿಸಿ ಹಚ್ಚಿದ. ಅದು ಎತ್ತಿದಷ್ಟೂ ನೀರು ಮತ್ತೆ ಬಂದು ತುಂಬುತ್ತಿತ್ತು. ನಾನು ತಾಲ್ಲೂಕಿಗೆ ಫೋನು ಮಾಡಿದೆ, ರೈಲಿನವರಿಗೆ ಮಾಡಿದೆ. ಕೇಳಬೇಕೆ? ಅದೇ ಉತ್ತರ, ಈ ಸಲ ಅಯ್ಯೋ ಪಾಪ ಎಂದು ಸೇರಿಸಿ ಹೇಳಿದರು.

ಸುದ್ದಿ ತಿಳಿದು ಮಾದಣ್ಣ ಬಂದ. ಮೈಯೆಲ್ಲಾ ಒದ್ದೆ. ವಿಮಾನದ ಮುಂದೆ ಕೈಮುಗಿದು, ಅವಳ ಮುಖ ನೋಡಿ ಅತ್ತ. ಹಳೆಯ ಸ್ಟೇಷನ್ನಿಗೆ ಫೋನು ಮಾಡಿದ. ಆ ಗೇಟು ಈಗ ಇಲ್ಲವೇ ಇಲ್ಲ, ಇಲ್ಲದ ಗೇಟಿಗೆ ಗಾಡಿ ಹೇಗೆ ನಿಲ್ಲಿಸುವುದು ಎಂದರಂತೆ ಅಲ್ಲಿದ್ದವರು. ಫೋನು ಜೇಬಿಗೆ ಹಾಕಿಕೊಂಡು ಬೇಲಿಯ ಹತ್ತಿರ ಹೋದ.

"ರಾಜಣ್ಣ, ನಾನು ಹಳಿ ಮೇಲೆ ನಿಂತ್ಕತೀನಿ. ಕೆಂಪು ಬಟ್ಟೆ ಹಿಡಿದ್ರೆ ಗಾಡಿ ನಿಲ್ಲುತ್ತೆ. ಕೇಸು ನನ್ನ ಮೇಲೇ ಆಗ್ಲಿ. ಅವ್ವನ ಕೈಮೇಲೆ ಎತ್ಕಂಡು ದಾಟ್ಸಿ."

ಹುಡುಗರು ಮುಂದೆ ಬಂದರು. ಅವರಲ್ಲಿ ಇಬ್ಬರು ಆಗಲೇ ಕೋರ್ಟಿಗೆ ಅಲೆಯುತ್ತಿದ್ದವರು, ಒಬ್ಬ ಕುಮಾರಿಯ ಮಗ. ಕುಮಾರಿ ಹೆಂಗಸರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಬೇಡ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ನಾನಂತೂ ಎತ್ತಲಿ, ಎತ್ತಿಬಿಡಲಿ ಎಂದೇ ಬಯಸಿದೆ. ಹಳಿಯ ಆಚೆಗೆ, ಕೂಗಳತೆಯಲ್ಲಿ, ದೊಡ್ಡಪ್ಪನ ಗದ್ದುಗೆಯೂ ಅದರ ಪಕ್ಕದ ಹೊಸ ಮಣ್ಣೂ ಕಾಣುತ್ತಿದ್ದವು.

ರಾಜಶೇಖರ ಹುಡುಗರ ಮುಂದೆ ಹೋಗಿ ಕೈ ಅಡ್ಡ ಹಿಡಿದ.

"ಬ್ಯಾಡ ಕಣ್ರಪ್ಪ. ಅವ್ವನ್ಗೆ ಮಾತು ಕೊಟ್ಬುಟ್ಟಿವ್ನಿ."

ಹುಡುಗರು ಹಿಂದೆ ಸರಿದರು. ಮರಿಮಲ್ಲಪ್ಪನವರು ಕೋಲೂರಿಕೊಂಡು ವಿಮಾನದ ಹತ್ತಿರ ಬಂದು, "ಅವತ್ತು ನೀನು ಮಾತಾಡ್ಬೇಕಿತ್ತು ತಾಯಿ, ನಾನು ಬುಡ್ಲಿಲ್ಲ" ಎಂದು ನೆಲದ ಮೇಲೆ ಕೂತುಬಿಟ್ಟರು. ಏನು ಮಾಡುವುದು ಅದನ್ನು ಈಗ ಹೇಳಿ? ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ಆ ಮುದುಕರನ್ನು ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಹಳಿಯ ಈ ಕಡೆ, ಅವರದೇ ಅರಿಶಿನದ ಹೊಲದ ಮೂಲೆಯಲ್ಲಿ ಬೇರೊಂದು ಗುಂಡಿ ತೋಡುವುದೆಂದು ಆಯಿತು. ಆಗ ಆ ಕಡೆಯಿಂದ ಕೂಗು ಕೇಳಿಸಿತು. ಬೆಳಿಗ್ಗೆ ಗುಂಡಿ ತೋಡಲು ಹೋದವರು ಅಲ್ಲೇ ಸಿಕ್ಕಿಕೊಂಡು ಕಾಯುತ್ತಿದ್ದುದನ್ನು ನಾವು ಮರೆತೇಬಿಟ್ಟಿದ್ದೆವು.

"ಅಣ್ಣೋ, ಈ ಗುಂಡಿ ಏನು ಮಾಡನ?" ರಂಗರಾಜು ಕೇಳುತ್ತಿದ್ದ.

ತೋಡಿದ ಗುಂಡಿಯನ್ನು ಬರಿದಾಗಿ ಬಿಡಬಾರದು, ಅದು ಮನೆಯ ಇನ್ನೊಬ್ಬರನ್ನು ಕರೆಯುತ್ತದೆ ಎನ್ನುವುದು ನಮ್ಮಲ್ಲಿ ನಂಬಿಕೆ. ಗುರುಪಾದಸ್ವಾಮಿಗಳು ಯೋಚನೆ ಮಾಡಿ, ಅಲ್ಲೇ ಆ ಕಡೆಯ ತೋಟದಲ್ಲಿ ಒಂದು ಬಾಳೆದಿಂಡು ಕಡಿದು, ಅವಳ ಬಟ್ಟೆ ಉಡಿಸಿ, ಮನುಷ್ಯರನ್ನು ಇಟ್ಟ ಹಾಗೆಯೇ ಇಟ್ಟು ಮುಚ್ಚಲಿ ಎಂದರು. ನಾನು ಮನೆಗೆ ಓಡಿಹೋಗಿ ಅವಳು ಸೋಮವಾರ ಉಡುತ್ತಿದ್ದ ಸೀರೆ ತಂದೆ. ಜೊತೆಗೆ ಪತ್ರೆಯ ಬುಟ್ಟಿ, ಅದರೊಳಗೆ ಒಂದು ವಿಭೂತಿ ಗಟ್ಟಿ. ಎರಡನ್ನೂ ಗಂಟು ಕಟ್ಟಿ ಮಾದಣ್ಣ ಬೇಲಿಯ ಈಚೆಯಿಂದಲೇ ಬೀಸಿ ಎಸೆದ. ಗಂಟು ಹಳಿಗಳನ್ನು ದಾಟಿ ಆಚೆ ಬಿತ್ತು. ಅಷ್ಟು ಸುಲಭವಾಗಿ ದಾಟಿತಲ್ಲ ಎಂದು ನಾನು ಅಲ್ಲೇ ಅತ್ತೆ.

ಈ ಕಡೆ ಅವಳನ್ನು ಹೊಲದ ಮೂಲೆಯಲ್ಲಿ ಕೂರಿಸಿದೆವು. ಆ ಕಡೆ ಇಬ್ಬರೇ ನಿಂತು ಬಾಳೆದಿಂಡಿಗೆ ಸೀರೆ ಉಡಿಸಿ, ವಿಭೂತಿ ಹಚ್ಚಿ, ಮಣ್ಣು ಎಳೆದರು. ನಡುವೆ ಸಂಜೆಯ ಗಾಡಿ ಕೂಗುತ್ತ ಹೋಯಿತು. ಕಿಟಕಿಯಲ್ಲಿ ಕೂತವರು ಎರಡೂ ಕಡೆ ನೋಡಿದರು.

ಮೂರನೆಯ ತಿಂಗಳಿಗೆ ಮೋಟಾರಿಗೆ ಕರೆಂಟು ಬಂತು. ಯಾವ ಸರ್ಕಾರ ಕೊಟ್ಟಿತು ಎಂದು ನಾನು ವಿಚಾರಿಸಲಿಲ್ಲ. ಇಬ್ಬರ ಕಡೆಯವರೂ ಬಂದು ನಾವೇ ಮಾಡಿಸಿದ್ದು ಎಂದು ಬ್ಯಾನರು ಕಟ್ಟಿ ಹೋದರು. ಅವಳನ್ನು ಅಗೆದು ಆ ಕಡೆಗೆ ಒಯ್ಯಬಹುದಲ್ಲ ಎಂದು ಯಾರೋ ಅಂದರು. ಒಂದು ಸಲ ಕೂರಿಸಿದವರನ್ನು ಎಬ್ಬಿಸಬಾರದು ಎಂದರು ಗುರುಪಾದಸ್ವಾಮಿಗಳು. ಅಲ್ಲಿಗೆ ಮುಗಿಯಿತು.

ಮೊನ್ನೆ ಸೋಮವಾರ ಶಾಲೆಗೆ ರಜೆ ಇತ್ತು, ರಾಜಶೇಖರನ ಜೊತೆ ನಾನೂ ಹೋದೆ. ಮೊದಲು ಹೊಲದ ಮೂಲೆಯಲ್ಲಿ ಅವ್ವನಿಗೆ ನೀರು ಹಾಕಿದ. ಆಮೇಲೆ ಒಣಗಿದ ಅಂಡರ್‌ಪಾಸಿನಲ್ಲಿ ನಡೆದು ಆ ಕಡೆ ಹೋದೆವು. ಅಪ್ಪನ ಗದ್ದುಗೆಗೆ ನೀರು ಹಾಕಿ ಪತ್ರೆ ಇಟ್ಟ. ತಂಬಿಗೆಯಲ್ಲಿ ಉಳಿದ ನೀರನ್ನು ಪಕ್ಕದ ಗದ್ದುಗೆಗೆ ಹಾಕಿ, ಅದಕ್ಕೂ ಪತ್ರೆ ಇಟ್ಟು, ಸುತ್ತ ಬೆಳೆದ ಹುಲ್ಲು ಕೀಳತೊಡಗಿದ. ಒಳಗಿನ ಬಾಳೆದಿಂಡು ಇಷ್ಟು ಹೊತ್ತಿಗೆ ಕೊಳೆತು ಮಣ್ಣಾಗಿರುತ್ತದೆ. ಇದಕ್ಕೇಕೋ ನೀರು ರಾಜ, ಇಲ್ಲಿ ಯಾರಿದ್ದಾರೆ ಎಂದುಬಿಟ್ಟೆ.

ಅವನು ಅಪ್ಪನ ಗದ್ದುಗೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಮೆಲ್ಲುಗ್ ಮಾತಾಡಕ್ಕ. ಅಪ್ಪನ್ಗೆ ಗೊತ್ತಿಲ್ಲ."